ಪರವಾಡದ ಹಸಿದ ಜೇನು

ಗದಗ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿದಾಗ ನನ್ನ ಕೈಯಲ್ಲಿ ಬಟ್ಟೆಯ ಚೀಲ ಒಂದು, ಹೊಗೆತಿದಿ ಒಂದು. ಹೊಗೆತಿದಿ ಎಂದರೆ ಜೇನುಪೆಟ್ಟಿಗೆ ತೆರೆಯುವ ಮೊದಲು ಹುಳಗಳು ಶಾಂತವಾಗಲಿ ಎಂದು ಹೊಗೆ ಊದುವ ತಗಡಿನ ಡಬ್ಬಿ. ಹಿಂದೆ ಒಂದು ಚಿಕ್ಕ ತಿದಿ, ಮುಂದೆ ಮೂತಿ. ಪ್ಲಾಟ್‌ಫಾರ್ಮಿನಲ್ಲಿದ್ದ ಪೊಲೀಸಿನವನು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದ.

"ಏನ್ ಯಜಮಾನ್ರ, ಇದರಾಗ ಚಾ ಮಾಡ್ತೀರೇನು?"

"ಜೇನುಹುಳಕ್ಕ ಹೊಗಿ ಹಾಕೂದ್ರಿ."

"ಗಾಡಿಯಾಗ ಯಾರಿಗೂ ಹಾಕಬ್ಯಾಡ್ರಿ ಮತ್ತ," ಎಂದು ವಾಪಸು ಕೊಟ್ಟ.

ಸೆಪ್ಟೆಂಬರ್ ತಿಂಗಳು. ನಮ್ಮ ಕಡೆ ಸೂರ್ಯಕಾಂತಿ ಹೂವಿನ ಕೆಲಸ ಬಾಕಿ ಇತ್ತು, ಆದರೂ ಹೊರಟೆ. ನನ್ನ ತಂಗಿ ಶಾಂತಾಳ ಮಗಳು ಮಾಧವಿ ವಿಶಾಖಪಟ್ಟಣದ ಹತ್ತಿರ ಪರವಾಡದಲ್ಲಿ ಗಂಡನ ಮನೆಯಲ್ಲಿ ಇದ್ದಾಳೆ. ಔಷಧದ ಕಂಪನಿಯೊಂದರಲ್ಲಿ ತಪಾಸಣೆ ವಿಭಾಗದ ಕೆಲಸ. ಕಳೆದ ಚಳಿಗಾಲದಲ್ಲಿ ಆಕೆ ಹಟ ಹಿಡಿದಳೆಂದು ನಾನು ನಾಲ್ಕು ಪೆಟ್ಟಿಗೆ ಹುಳ ಲಾರಿಯಲ್ಲಿ ಕಳಿಸಿದ್ದೆ. ಗೇರು ಹೂವಿನಲ್ಲಿ ಚೆನ್ನಾಗಿ ಬೆಳೆದವು. ನೌಕರಿ ಬಿಟ್ಟು ಪೂರ್ತಿ ಇದನ್ನೇ ಮಾಡುತ್ತೇನೆ ಎನ್ನುವ ಮಟ್ಟಕ್ಕೆ ಆಕೆ ಬಂದಿದ್ದಳು. ಈಗ ಫೋನ್ ಮಾಡಿ, ಮೂರು ಪೆಟ್ಟಿಗೆಯಲ್ಲಿ ಸದ್ದೇ ಇಲ್ಲ, ನಾಲ್ಕನೆಯದರಲ್ಲಿ ಸ್ವಲ್ಪ ಇದೆ ಎಂದಳು. "ಅದೂ ಹೋದ್ರೆ ನಾನು ಬಿಟ್ಟುಬಿಡ್ತೀನಿ ಮಾಮಯ್ಯ," ಎಂದಳು. ಸೋದರಮಾವನನ್ನು ತೆಲುಗಿನವರು ಹಾಗೆ ಕರೆಯುತ್ತಾರೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟಮೇಲೆ ಮಾಡದ ಕೆಲಸವಿಲ್ಲ. ಆದರೆ ಹುಳದ ಕೆಲಸಕ್ಕೆ ಬಂದಮೇಲೆ ನಾನು ಇಟ್ಟ ಪೆಟ್ಟಿಗೆ ನನ್ನ ಅಜಾಗರೂಕತೆಯಿಂದ ಸತ್ತಿದೆ ಎಂದು ಯಾರೂ ಹೇಳುವಂತಿಲ್ಲ. ಫೋನಿನಲ್ಲಿ ಔಷಧಿ ಹೇಳುವ ಬದಲು ಕಣ್ಣಿನಿಂದ ನೋಡುವುದೇ ಸರಿ ಎನ್ನಿಸಿತು.

ಕೊಪ್ಪಳ, ಹೊಸಪೇಟೆ ದಾಟುವವರೆಗೆ ಬಿಸಿಲು. ಬಳ್ಳಾರಿಯಲ್ಲಿ ಎದುರಿನ ಸೀಟಿಗೆ ಒಬ್ಬರು ಬಂದರು. ಮಂಡ್ಯದವರು, ಬ್ಯಾಂಕಿನಲ್ಲಿ ಅಧಿಕಾರಿ, ವಿಜಯವಾಡಕ್ಕೆ ವರ್ಗವಾಗಿ ಎರಡನೆಯ ವರ್ಷ. ಹೊಗೆತಿದಿ ನೋಡಿ ಮಾತು ತೆಗೆದರು. ನಾನು ಹೊರಟ ಕಾರಣ ಹೇಳಿದೆ.

"ಅಲ್ಲಾ ಯಜಮಾನ್ರೇ, ಒಂದು ಡೌಟು. ಹೂವಿನ ಮಕರಂದ ಕುಡಿದು ಹೊಟ್ಟೆ ತುಂಬುತ್ತಲ್ಲ, ಮತ್ತೆ ಜೇನು ಯಾಕೆ ಮಾಡಬೇಕು ಅವು? ನಮಗೋಸ್ಕರವಾ?"

"ನಮ್ಮ ಸಲುವಾಗಿ ಯಾಕ ಮಾಡ್ತಾವ್ರಿ, ನಾವೇನ್ ಅವಕ್ಕ ಬೀಗರ?" ಎಂದೆ. ಅವರು ನಕ್ಕರು. ನಾನು ಗೊತ್ತಿದ್ದಷ್ಟು ಹೇಳಿದೆ. ಹುಳಕ್ಕೆ ಎರಡು ಊಟ. ಒಂದು ಹೂವಿನ ರಸ, ಇನ್ನೊಂದು ಹೂವಿನ ಪುಡಿ, ಅಂದರೆ ಪರಾಗ. ರಸ ದುಡಿಯುವುದಕ್ಕೆ ಬಲ ಕೊಡುತ್ತದೆ. ಪರಾಗವನ್ನು ಎಳೆಯ ಹುಳಗಳು ತಿಂದು, ತಮ್ಮ ಮೈಯಲ್ಲಿ ಹಾಲಿನಂಥದ್ದನ್ನು ಮಾಡಿ ಮರಿಗಳಿಗೆ ಉಣ್ಣಿಸುತ್ತವೆ. ಪರಾಗ ಬರುತ್ತಿದೆ ಎಂದರೆ ಒಳಗೆ ಮರಿ ಇದೆ ಎಂದೇ ಲೆಕ್ಕ. ಆದರೆ ಹೂವು ವರ್ಷವಿಡೀ ಇರುವುದಿಲ್ಲ. ಮಳೆ ಹಿಡಿದರೆ ಹುಳ ಹೊರಗೆ ಹೋಗುವಂತಿಲ್ಲ. ಹಸಿ ರಸವನ್ನು ಹಾಗೇ ಇಟ್ಟರೆ ಹುಳಿ ಬರುತ್ತದೆ. ಅದಕ್ಕೇ ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ನೀರಿನಂಶ ಆರಿಸಿ, ಗಟ್ಟಿಯಾದಮೇಲೆ ಮೇಣದ ಮುಚ್ಚಳ ಹಾಕಿಡುತ್ತವೆ. ಅದೇ ಜೇನು. ಅದು ಅವುಗಳ ಮಳೆಗಾಲದ ಊಟ.

"ಅಂದ್ರೆ ಫಿಕ್ಸೆಡ್ ಡೆಪಾಸಿಟ್ಟು," ಎಂದರು ಅವರು. "ನೀವು ಹೋಗಿ ಮೆಚೂರಿಟಿಗೆ ಮುಂಚೆನೇ ಒಡೀತೀರಿ."

"ಅಸಲಿಗೆ ಕೈ ಹಾಕಂಗಿಲ್ರಿ. ಬಡ್ಡಿ ಅಷ್ಟ ನಮ್ದು."

"ಹಂಗಾದ್ರೆ ನಿಮ್ಮ ತಂಗಿ ಮಗಳ ಮನೇಲಿ ಅವು ಹಸ್ಕೊಂಡು ಸತ್ತಿರಬಹುದಲ್ವಾ?"

ಆ ಪ್ರಶ್ನೆಯೇ ಬರುವುದಿಲ್ಲ ಎಂದೆ. ಮಳೆ ಶುರುವಾಗುವಾಗ ನಾನೇ ಫೋನ್ ಮಾಡಿ, ಮಳೆ ಮುಗಿಯುವ ತನಕ ಜೇನಿಗೆ ಕೈ ಹಚ್ಚಬೇಡ ಎಂದು ಮಾಧವಿಗೆ ಹೇಳಿದ್ದೆ. ಆಕೆ ಹೇಳಿದ ಮಾತು ಮೀರುವ ಹುಡುಗಿಯಲ್ಲ. ರೋಗ ಇರಬೇಕು, ಇಲ್ಲವೇ ಯಾರೋ ಹೊಲಕ್ಕೆ ವಿಷ ಹೊಡೆದಿರಬೇಕು ಎಂದೆ. ಅವರು ತಲೆಯಾಡಿಸಿ ನಂದ್ಯಾಲದಲ್ಲಿ ಮೊಸರನ್ನದ ಪೊಟ್ಟಣ ಎರಡು ತಂದರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು.

ವಿಜಯವಾಡ ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಗದಗದಿಂದ ಆರುನೂರು ಕಿಲೋಮೀಟರಿಗೆ ತುಸು ಕಡಿಮೆ. ಮುಂದಿನ ರೈಲಿಗೆ ಮರುದಿನ ಬೆಳಗಿನ ಸೀಟೇ ಸಿಕ್ಕಿದ್ದರಿಂದ ಆ ಒಂದು ದಿನ ತಂಗಿಯ ಮನೆಯಲ್ಲಿ ಕಳೆಯಬೇಕಿತ್ತು. ಬೆಳಗಾದಮೇಲೆ ಬಸ್ಸು ಹಿಡಿದು ಕೊಂಡಪಲ್ಲಿಗೆ ಹೋದೆ. ದಾರಿಯಲ್ಲಿ ಬಲಗಡೆ ಗುಡ್ಡ, ಇಬ್ರಾಹಿಂಪಟ್ಟಣದ ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು. ಬಸ್ ಸ್ಟಾಪಿನ ಅಂಗಡಿಯಲ್ಲಿ ಮರದ ಬೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಎತ್ತಿನ ಬಂಡಿ ಕೈಗೆತ್ತಿಕೊಂಡೆ. ಒಳಗೆ ಟೊಳ್ಳೇನೋ ಎನ್ನುವಷ್ಟು ಹಗುರ. ಆ ಮರದ ಜಾತಿಯೇ ಹಾಗಂತೆ.

ಶಾಂತಾಳ ಗಂಡ ಪ್ರಸಾದರಾವ್ ಹಿಂದೆ ಹೊಸಪೇಟೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆಗ ಆದ ಮದುವೆ. ಈಗ ಕೊಂಡಪಲ್ಲಿಯಲ್ಲೇ ಕೆಲಸ. ನಾನು ಹೋದಾಗ ಬೆಳಗಿನ ಪಾಳಿಗೆ ಹೊರಟು ನಿಂತಿದ್ದರು. "ಬಾವಗಾರೂ, ಸಾಯಂತ್ರಂ ಕಲುದ್ದಾಂ," ಎಂದು ಕೈ ಹಿಡಿದು ಅಲ್ಲಾಡಿಸಿ ಬೈಕ್ ಹತ್ತಿದರು. ಸಂಜೆ ಸಿಗೋಣ ಎಂದಷ್ಟು ನನಗೂ ತಿಳಿಯಿತು. ಅದಕ್ಕಿಂತ ಹೆಚ್ಚು ತೆಲುಗು ನಾನು ಕಲಿತಿರಲಿಲ್ಲ. ತಂಗಿಯ ಮನೆಗೆ ಬಂದರೆ ಕನ್ನಡದಲ್ಲೇ ಮಾತಾಡಬೇಕು ಎಂಬುದು ನನ್ನ ಹಟ.

ಶಾಂತಾ ಪೆಸರಟ್ಟು ಹಾಕಿದಳು, ಅಂದರೆ ಹೆಸರುಕಾಳಿನ ದೋಸೆ. ಆಮೇಲೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕೇಳಿದಳು.

"ತೇನೆ ಹಾಕಲೇನಣ್ಣಾ?"

"ಈಗೆಲ್ಲಿ ತೆನಿ? ಜ್ವಾಳ ಇನ್ನೂ ಮೊಣಕಾಲೆತ್ತರ ಐತಿ."

ಆಕೆ ಸೌಟು ಹಿಡಿದುಕೊಂಡೇ ನಕ್ಕಳು. "ಜ್ವಾಳದ ತೆನಿ ಅಲ್ಲೋ ಮಾರಾಯಾ. ತೇನೆ ಅಂದ್ರ ಜೇನು. ಮೂವತ್ತು ವರ್ಷ ಆತು ಇಲ್ಲಿಗೆ ಬಂದು, ಬಾಯಾಗ ಅದ ಬರ್ತೈತಿ ಕದಾ."

"ತವರಿನ ಭಾಷಾ ಮರೀಬ್ಯಾಡವ," ಎಂದೆ.

"ಮರತಿಲ್ಲ. ನಿನ್ನ ಸಂಗಾಟ ಜಗಳಾಡೂದು ಇನ್ನೂ ಕನ್ನಡದಾಗ."

ಜೇನು ಚೆನ್ನಾಗಿತ್ತು. ಗೇರಿನದರಷ್ಟು ಕಪ್ಪಲ್ಲ, ತುಸು ಕಹಿ, ಬೇವು ಹೊಂಗೆಯ ವಾಸನೆ. ಎಲ್ಲಿಯದು ಎಂದು ಕೇಳಿದರೆ ಮಾಧವಿ ಕಳಿಸಿದ್ದು ಎಂದಳು. ಬೇಸಿಗೆಯಲ್ಲಿ ತೆಗೆದದ್ದಿರಬೇಕು ಎಂದುಕೊಂಡು ಇನ್ನೊಂದು ಚಮಚ ಹಾಕಿಸಿಕೊಂಡೆ. ನನ್ನ ಪೆಟ್ಟಿಗೆಯ ಜೇನು ಆಂಧ್ರದಲ್ಲೂ ಹೆಸರು ಉಳಿಸಿತು ಎನ್ನಿಸಿತು. ಅತ್ತಿಗೆಗೆ ಕೊಡು ಎಂದು ಶಾಂತಾ ಒಂದು ತುಂಬಿದ ಬಾಟಲಿಯನ್ನೂ ನನ್ನ ಚೀಲದಲ್ಲಿಟ್ಟಳು. ಇಡುತ್ತಾ ತನ್ನ ಮಾತು ತೆಗೆದಳು.

"ಅಣ್ಣಾ, ಆಕಿಗೆ ಒಂದ್ ಮಾತ್ ಹೇಳಿ ಬಿಡಸು ಇದನ್ನ. ಚಲೋ ನೌಕರಿ ಐತಿ. ಮೂರು ಪೆಟಿಗಿ ಸತ್ತಾವ ಅಂತ ಊಟ ಬಿಟ್ಟು ಕುಂತಾಳ. ಆಕಿ ಗಂಡನ ಅಪ್ಪ ಬ್ಯಾರೆ, ಕಂಪನಿ ಹೊಗಿಗೆ ಸತ್ತಾವ, ಇಲ್ಲಿ ಇದು ಆಗಂಗಿಲ್ಲ ಅಂತ ದಿನಾ ಅಂತಾನಂತ. ನೀ ಹೇಳಿದ್ರ ಕೇಳ್ತಾಳ. ಉಳದಿದ್ದನ್ನ ಊರಿಗೆ ಒಯ್ದುಬಿಡು."

ನೋಡಿ ಹೇಳುತ್ತೇನೆ ಎಂದೆ. ಹೇಳಬೇಕಾಗಬಹುದು ಎಂದೇ ಅನ್ನಿಸಿತ್ತು. ಗಾಳಿಯೇ ಕೆಟ್ಟಿದ್ದರೆ ಯಾವ ಹುಳವೂ ಬದುಕುವುದಿಲ್ಲ. ಸಂಜೆ ಪ್ರಸಾದರಾವ್ ಕೃಷ್ಣೆಯ ಬ್ಯಾರೇಜಿಗೆ ಕರೆದುಕೊಂಡು ಹೋದರು. ಗೇಟುಗಳೆಲ್ಲ ತೆರೆದಿದ್ದವು, ಕೆಂಪು ನೀರು. ಇಬ್ಬರೂ ನಿಂತು ನೋಡಿದೆವು. ಹೊಸಪೇಟೆಯಲ್ಲಿ ಕಲಿತ ಕನ್ನಡ ಅವರಿಗೆ ಮರೆತುಹೋಗಿತ್ತು, ಮಾತಿಗೆ ಭಾಷೆ ಸಾಲಲಿಲ್ಲ, ಮಿರ್ಚಿ ಬಜ್ಜಿ ತಿಂದು ಬಂದೆವು.

ಮರುದಿನ ಬೆಳಗಿನ ರೈಲು. ವಿಶಾಖಪಟ್ಟಣಕ್ಕೆ ಮುನ್ನೂರೈವತ್ತು ಕಿಲೋಮೀಟರ್. ಕೂತು ಹೋಗುವ ಸೀಟಿಗೆ ನೂರೈವತ್ತು ರೂಪಾಯಿಯ ಒಳಗೇ ಆಯಿತು. ಏಲೂರಿನಿಂದ ಮುಂದೆ ಎರಡೂ ಕಡೆ ಭತ್ತದ ಗದ್ದೆ, ಮೀನಿನ ಕೆರೆ, ತೆಂಗು. ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ಜನ ಕಿಟಕಿಯಿಂದ ಚಿಲ್ಲರೆ ಎಸೆದರು. ಭತ್ತದ ನಾಡು ಕಣ್ಣಿಗೆ ಹಸಿರು, ಹುಳಕ್ಕೆ ಬರಿದು. ಅಲ್ಲಿ ಅವಕ್ಕೆ ತಿನ್ನಲು ಹೆಚ್ಚೇನೂ ಇರುವುದಿಲ್ಲ. ತುನಿ ದಾಟಿದಮೇಲೆ ಮಳೆ ಶುರುವಾಯಿತು. ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಹತ್ತು ದಿನದಿಂದ ಹೀಗೇ ಎಂದು ಪಕ್ಕದವರು ಹೇಳಿದರು.

ದುವ್ವಾಡದಲ್ಲಿ ಇಳಿದಾಗ ಮಾಧವಿ ಕೊಡೆ ಹಿಡಿದು ನಿಂತಿದ್ದಳು. ರಜೆ ಹಾಕಿದ್ದಳು. ಕಾಲು ಮುಟ್ಟಿ ನಮಸ್ಕರಿಸಿ, "ಊಟ ಆಯ್ತಾ ಮಾಮಯ್ಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಚೀಲ ಎತ್ತಿಕೊಂಡಳು. ಪರವಾಡದವರೆಗೆ ಆಟೋ. ದಾರಿಯುದ್ದಕ್ಕೂ ಪಾಳಿ ಮುಗಿಸಿದವರನ್ನು ತುಂಬಿಕೊಂಡ ಕಂಪನಿ ಬಸ್ಸುಗಳು. ಗಾಳಿಯಲ್ಲಿ ಆಸ್ಪತ್ರೆಯಂಥ ಒಂದು ವಾಸನೆ ಇತ್ತು. ಮನೆಯ ಹಿಂದೆ ಗೇರು ಮರಗಳ ತೋಪು, ಅಂಚಿಗೆ ತಾಳೆ. ಮೊದಲು ಎದುರಾದವರು ಆಕೆಯ ಮಾವ ಅಪ್ಪಲರಾಜು. ಲುಂಗಿ ಮೇಲೆ ಕಟ್ಟಿ, ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು ನಿಂತಿದ್ದರು.

"ಕಂಪೆನೀ ಗಾಲಿ ಬಾಬೂ. ಅಂತಾ ಕಂಪೆನೀ ಗಾಲೇ."

ನಾನು ತಿರುಗಿ ರಸ್ತೆಯಲ್ಲಿ ಹೋಗುತ್ತಿದ್ದ ಕಂಪನಿ ಬಸ್ಸಿನ ಗಾಲಿ ನೋಡಿದೆ. ಮಾಧವಿಗೆ ಅಷ್ಟು ಬೇಸರದಲ್ಲೂ ನಗು ಬಂತು. "ಗಾಲಿ ಅಂದ್ರೆ ಗಾಳಿ ಮಾಮಯ್ಯ. ವೀಲ್ ಅಲ್ಲ. ಎಲ್ಲಾ ಕಂಪನಿ ಗಾಳಿಯಿಂದಲೇ ಅಂತಿದಾರೆ." ಅಪ್ಪಲರಾಜು ತಾವೂ ನಕ್ಕು ನನ್ನ ಬೆನ್ನು ತಟ್ಟಿದರು.

ಮಳೆ ನಿಂತಿತ್ತು. ಮೊದಲ ಪೆಟ್ಟಿಗೆ ತೆರೆದೆ. ಹೊಗೆ ಬೇಕಾಗಲಿಲ್ಲ. ಬಾಗಿಲ ಮುಂದೆ ಸತ್ತ ಹುಳದ ರಾಶಿ ಇರಲಿಲ್ಲ. ವಿಷವಾಗಿದ್ದರೆ ಅದು ಇರಬೇಕಿತ್ತು. ಒಂದು ಎರಿ, ಅಂದರೆ ಹುಳ ಕಟ್ಟಿದ ಮೇಣದ ಹಲಗೆ, ಮೇಲೆತ್ತಿ ಬೆಳಕಿಗೆ ಹಿಡಿದೆ. ಅದರ ಒಂದೊಂದು ತೂತಿನಲ್ಲೂ ಒಂದೊಂದು ಹುಳ ತಲೆ ಒಳಗೆ ತೂರಿಸಿ, ಬಾಲ ಮಾತ್ರ ಹೊರಗೆ ಬಿಟ್ಟು ಸತ್ತಿತ್ತು. ತಳದಲ್ಲಿ ಏನಾದರೂ ಉಳಿದಿದೆಯೋ ಎಂದು ಕೊನೆಗೆ ನೆಕ್ಕಲು ಹೋದದ್ದು ಅದು. ಇದಕ್ಕೆ ಬೇರೆ ಅರ್ಥವಿಲ್ಲ. ಎರಡನೆಯದು, ಮೂರನೆಯದು ಹಾಗೆಯೇ. ನಮ್ಮ ಕಾಡಿನ ತುಡುವೆ ಹುಳವಾಗಿದ್ದರೆ ಹಸಿವಾದಾಗ ಗೂಡು ಬಿಟ್ಟು ಹಾರಿಹೋಗುತ್ತಿತ್ತು. ಇವು ಹೊರಗಿನಿಂದ ಬಂದ ದೊಡ್ಡ ಜಾತಿ, ಇದ್ದಲ್ಲೇ ಸಾಯುತ್ತವೆ.

"ಗಾಳಿ ಅಲ್ಲ, ರೋಗ ಅಲ್ಲ. ಹಸದು ಸತ್ತಾವ," ಎಂದೆ. ಸಿಟ್ಟು ಬಂದಿತ್ತು. "ಮ್ಯಾಲಿನ ಕೋಣಿ ಖಾಲಿ, ಕೆಳಗ ಮರಿ ಇರೂ ಸಂಸಾರದ ಕೋಣಿನೂ ಖಾಲಿ. ಜೇನಿಗೆ ಕೈ ಹಚ್ಚಬ್ಯಾಡ ಅಂತ ನಾ ಹೇಳಿದ್ನೋ ಇಲ್ಲೋ?"

"ಹೇಳಿದ್ರಿ ಮಾಮಯ್ಯ."

"ಮತ್ತ?"

"ಹಚ್ಚಿಲ್ಲ. ನಾನು ಒಂದು ಜೇನನ್ನೂ ಮುಟ್ಟಿಲ್ಲ. ಬ್ರಷ್‌ನಲ್ಲಿ ಮೆಲ್ಲಗೆ, ಮೆಲ್ಲಗೆ ಸರಿಸಿ, ತೇನೆ ಮಾತ್ರ ತಗೊಂಡೆ. ಒಂದಕ್ಕೂ ಪೆಟ್ಟಾಗಿಲ್ಲ ಮಾಮಯ್ಯ, ಅಷ್ಟು ಜಾಗ್ರತೆ ಮಾಡಿದೆ."

ಎರಿ ನನ್ನ ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಪೆಟ್ಟಿಗೆಗೆ ಇಳಿಸಿದೆ.

ನಮ್ಮ ಕೆಲಸದವರ ಬಾಯಲ್ಲಿ ಹಾರುವುದು ಹುಳ, ತಿನ್ನುವುದು ಜೇನು. ಊರಲ್ಲಿ ಉಳಿದವರು ಎರಡಕ್ಕೂ ಜೇನು ಎನ್ನುತ್ತಾರೆ. ಜೇನು ಕಚ್ಚಿತು ಎಂದರೂ ಜೇನು ನೆಕ್ಕಿದೆ ಎಂದರೂ ಯಾರಿಗೂ ಗೊಂದಲವಾಗುವುದಿಲ್ಲ. ಮಾಧವಿಯ ಕನ್ನಡ ಅಮ್ಮನ ಬಾಯಿಂದ ಬಂದ ಮನೆಯೊಳಗಿನ ಕನ್ನಡ. ಆ ಗಿಡದ ಹತ್ತಿರ ಹೋಗಬೇಡ, ಜೇನು ಕಚ್ಚುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು. ತಿನ್ನುವ ಜೇನು ಅವರ ಮನೆಗೆ ಅಂಗಡಿಯಿಂದ ಬಾಟಲಿಯಲ್ಲಿ ಬರುತ್ತಿತ್ತು, ಅದು ತೇನೆ. ಹಾಗಾಗಿ ಆಕೆಗೆ ಜೇನು ಎಂದರೆ ಕಚ್ಚುವುದು ಮಾತ್ರ. ನನ್ನ ಮಾತನ್ನು ಆಕೆ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಒಳಗೆ ತುಂಬಿ ಕೂತದ್ದು ಮಳೆಗೆ ಕೆಡಬಾರದೆಂದು ಪೂರ್ತಿ ತೆಗೆದಿದ್ದಳು. ಅದರಲ್ಲೇ ಎರಡು ಚಮಚ ನಾನು ಕೊಂಡಪಲ್ಲಿಯಲ್ಲಿ ಕುಡಿದು ಬಂದಿದ್ದೆ.

ಅರ್ಥ ಬಿಡಿಸಿ ಹೇಳಿದಾಗ ಆಕೆ ಅಳಲಿಲ್ಲ. "ಅಂದ್ರೆ ಮೂರು ಪೆಟ್ಟಿಗೇನೂ ನಾನೇ ಕೊಂದೆನಾ?" ಎಂದು ಕೇಳಿದಳು.

"ಅದನ್ನ ಆಮ್ಯಾಲ ನೋಡೂಣು. ಮೊದಲ ನಾಕನೇದು ತೆಗಿ."

ನಾಲ್ಕನೆಯ ಪೆಟ್ಟಿಗೆಯಲ್ಲಿ ಹುಳಗಳು ಅಂಗೈ ಅಗಲದ ಗುಂಪಾಗಿ ಎರಿಗೆ ಅಂಟಿಕೊಂಡಿದ್ದವು. ಹಾರುವ ಶಕ್ತಿ ಇಲ್ಲ. ಬಾಯಿಂದ ಬಿಸಿ ಉಸಿರು ಬಿಟ್ಟರೆ ಒಂದೆರಡು ಕಾಲು ಅಲ್ಲಾಡಿಸಿದವು. ನಾನು ಚೀಲದಿಂದ ಶಾಂತಾ ಕೊಟ್ಟ ಬಾಟಲಿ ತೆಗೆದೆ. ಮಾಧವಿಗೆ ಅದರ ಗುರುತು ಹತ್ತಿತು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಜೇನು ಕಲಸಿ ಕೈಯಿಂದ ಚಿಮುಕಿಸಲು ಹೋದೆ. "ಕೈಯಿಂದ ಬೇಡ, ದಪ್ಪ ದಪ್ಪ ಹನಿ ಬೀಳುತ್ತೆ, ನೆನೆದು ಸಾಯ್ತವೆ," ಎಂದು ಆಕೆ ಒಳಗಿಂದ ಗಿಡಕ್ಕೆ ನೀರು ಹೊಡೆಯುವ ಹೊಸ ಸ್ಪ್ರೇ ತಂದಳು. ಮಂಜಿನಂತೆ ಬಿತ್ತು. ನನಗೆ ಅದು ಹೊಳೆದಿರಲಿಲ್ಲ. ಉಳಿದ ಜೇನನ್ನು ಒಂದು ಖಾಲಿ ಎರಿಯಲ್ಲಿ ತುಂಬಿ ಗುಂಪಿನ ಪಕ್ಕಕ್ಕೆ ಇಳಿಸಿದೆವು. ಬೇರೆ ಗೂಡಿನ ಹುಳ ಬಂದು ದೋಚಬಾರದೆಂದು ಬಾಗಿಲನ್ನು ಬಟ್ಟೆಯಿಂದ ಕಿರಿದು ಮಾಡಿದೆ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳಿಗೆ ಅಪ್ಪಲರಾಜು ನೀರಿನ ಬಟ್ಟಲು ಇಟ್ಟರು.

ಆಮೇಲೆ ಮಾಡುವುದೇನೂ ಇರಲಿಲ್ಲ. ಮೂವರೂ ಗೇರು ಮರದ ಕೆಳಗೆ ಕೂತೆವು. ಅಪ್ಪಲರಾಜುವಿನ ಹೆಂಡತಿ ಅಲ್ಲಿಗೇ ಅನ್ನ, ಗೋಂಗೂರ ಪಪ್ಪು ತಂದರು. ಪುಂಡಿಪಲ್ಲೆಯ ಬೇಳೆ, ನಮ್ಮ ಕಡೆಯ ರುಚಿಯೇ. ಮಾಧವಿ ತಟ್ಟೆ ಮುಟ್ಟಲಿಲ್ಲ. ನಡುನಡುವೆ ಎದ್ದು ಹೋಗಿ ಪೆಟ್ಟಿಗೆಗೆ ಕಿವಿಯಿಟ್ಟು ಬರುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಹೋದವಳು ತಿರುಗಿ ಬರಲಿಲ್ಲ, ಅಲ್ಲೇ ಬಗ್ಗಿ ನಿಂತಳು. ನಾನೂ ಹೋಗಿ ಕಿವಿಯಿಟ್ಟೆ. ಸಣ್ಣಗೆ ರೆಕ್ಕೆಯ ಸದ್ದು. ಮುಚ್ಚಳ ಸರಿಸಿದರೆ ಹುಳಗಳು ಜೇನಿನ ಎರಿಯ ಅಂಚಿಗೆ ಸಾಲಾಗಿ ನಿಂತು ನಾಲಿಗೆ ಚಾಚಿ ಕುಡಿಯುತ್ತಿದ್ದವು. ಕುಡಿದವು ಹಿಂದಿನವಕ್ಕೆ ಬಾಯಿಂದ ಬಾಯಿಗೆ ಕೊಡುತ್ತಿದ್ದವು. ಗುಂಪಿನ ನಡುವೆ ರಾಣಿ ಇದ್ದಳು, ನಿಧಾನಕ್ಕೆ ನಡೆಯುತ್ತಿದ್ದಳು.

"ಲೇಚಿಂದಿ," ಎಂದರು ಅಪ್ಪಲರಾಜು. ಎದ್ದಿತು ಎಂದರ್ಥ. ಮಾಧವಿ ಹೋಗಿ ತಟ್ಟೆಯ ಮುಂದೆ ಕೂತಳು.

ಇನ್ನೆರಡು ದಿನ ಅಲ್ಲೇ ಇದ್ದು ಸಕ್ಕರೆ ಪಾಕ ಕೊಡುವುದನ್ನು ತೋರಿಸಿದೆ. ನಾನು ಕಣ್ಣಳತೆಯಲ್ಲಿ ಸುರಿದರೆ ಆಕೆ ತಕ್ಕಡಿ ಇಟ್ಟು, ಸಕ್ಕರೆಯಷ್ಟೇ ತೂಕದ ನೀರು ಅಳೆದಳು. ಹೊರಡುವ ದಿನ ನಾನು ಆಕೆಯಿಂದ ಎರಡು ಮಾತು ಕಲಿತೆ, ಆಕೆಗೆ ಎರಡು ಕಲಿಸಿದೆ. ಆಕೆಯ ತೇನೆಟೀಗ ನನ್ನ ಹುಳ. ಆಕೆಯ ತೇನೆ ನನ್ನ ಜೇನು. ಇನ್ನು ಮೇಲೆ ಫೋನಿನಲ್ಲಿ ಬರೇ ಜೇನು ಎನ್ನುವುದಿಲ್ಲ ಎಂದು ಇಬ್ಬರೂ ಒಪ್ಪಿದೆವು. "ಮಳೆ ಮುಗಿಯೂ ತನಕ ತೇನೆ ತೀಯಕು," ಎಂದೆ. ತೀಯಕು ಎಂದರೆ ತೆಗೆಯಬೇಡ. ನನ್ನ ಉಚ್ಚಾರಕ್ಕೆ ಅಪ್ಪಲರಾಜು ಇನ್ನೊಮ್ಮೆ ಬೆನ್ನು ತಟ್ಟಿದರು. ಖಾಲಿ ಬಾಟಲಿ ತೊಳೆದು ಚೀಲಕ್ಕೆ ಹಾಕಿಕೊಂಡೆ.

ವಿಶಾಖಪಟ್ಟಣದಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ಸಮುದ್ರದ ದಂಡೆಗೆ ಹೋಗಿ ಕೂತೆ. ಮೋಡ, ದೊಡ್ಡ ಅಲೆ. ದಂಡೆಯ ಮೇಲೆ ನಿಲ್ಲಿಸಿದ ಹಳೆಯ ಜಲಾಂತರ್ಗಾಮಿ ನೋಡಲು ಮಂದಿ ಸಾಲು ಹಚ್ಚಿದ್ದರು. ನಾನು ಮಂಡಕ್ಕಿ ತಿಂದು ಸ್ಟೇಷನ್ನಿಗೆ ಬಂದೆ. ಗೋವೆಗೆ ಹೋಗುವ ಈ ಗಾಡಿ ಗದಗಕ್ಕೆ ನೇರ ಹೋಗುತ್ತದೆ, ಬದಲಿಸುವ ತಾಪತ್ರಯವಿಲ್ಲ.

ರಾಜಮಂಡ್ರಿಯ ಸೇತುವೆ ಬರುವ ಮೊದಲು ಮಾಧವಿಯ ಫೋನ್ ಬಂತು. "ಮಾಮಯ್ಯ, ಮಳೆ ಬಿಟ್ಟಿದೆ. ನಿಮ್ಮ ಹುಳ ಹೊರಗೆ ಹೋಗಿ ಬರ್ತಿದೆ. ಕಾಲಿಗೆ ಏನೋ ಹಳದಿ ಹಚ್ಚಿಕೊಂಡು ಬರ್ತಿದೆ."

"ಪರಾಗ," ಎಂದೆ. "ಒಳಗ ಮರಿ ಅದಾವ."

ಆಕೆ ಅದನ್ನು ಮಾವನಿಗೆ ತೆಲುಗಿನಲ್ಲಿ ಕೂಗಿ ಹೇಳಿದ್ದು ಕೇಳಿಸಿತು.

ಸಂಜೆ ವಿಜಯವಾಡದಲ್ಲಿ ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಶಾಂತಾ ಪುಳಿಹೋರದ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿಗೆ ಬಂದಿದ್ದಳು. ಡಬ್ಬಿ ಕೊಡುವ ಮೊದಲೇ ಕೇಳಿದಳು.

"ಹೇಳಿದೇನಣ್ಣಾ ಆಕಿಗೆ?"

"ಹೇಳೀನಿ. ಮಳೆ ಮುಗಿಯೂ ತನಕ ತೇನೆ ಮುಟ್ಟಬ್ಯಾಡ ಅಂತ."

"ನಾ ಹೇಳಿಕೊಟ್ಟಿದ್ದು ಅದಲ್ಲಾ."

"ನಾ ಹೇಳಿದ್ದು ಅದ."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಚೀಲದಲ್ಲಿ ಡಬ್ಬಿಗೆ ಜಾಗ ಮಾಡುವಾಗ ಬಾಟಲಿ ಕೈಗೆ ಸಿಕ್ಕಿತು. ಎತ್ತಿ ದೀಪಕ್ಕೆ ಹಿಡಿದಳು.

"ಅತ್ತಿಗಿಗೆ ಅಂತ ಕೊಟ್ಟಿದ್ದೆ ಕದಾ. ಇಷ್ಟ್ರಾಗ ಖಾಲಿ ಆತಾ? ಯಾರ್ ತಿಂದ್ರು?"

"ಮಾಡಿದವರ ತಿಂದ್ರು," ಎಂದೆ.

ಗಾಡಿ ಅಲುಗಿತು. ಬಾಗಿಲಲ್ಲಿ ನಿಂತು ಹಿಂದೆ ನೋಡಿದೆ. ಶಾಂತಾ ಖಾಲಿ ಬಾಟಲಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಮಗಳಿಗೆ ಫೋನ್ ಹಚ್ಚುತ್ತಿದ್ದಳು.